ಏನೂ ಕೇಳದ ಅಂಗಡಿ

"ನಿಮ್ಮ ಅಂಗಡಿಯ ಸ್ವಭಾವ ಎಂಥದ್ದು ಸಾರ್?"

ಚಿಕ್ಕಮಗಳೂರಿನ ಒಂದು ಮಹಡಿ ಮೇಲಿನ ಕಂಪ್ಯೂಟರ್ ಸೆಂಟರಿನಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು. ಕೇಳಿದವರು ಆ ಸೆಂಟರಿನ ಒಡತಿ. ಅದಕ್ಕೆ ಮುಂಚೆ ಅದೇ ಕೋಣೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಹಳೆಯ ಟೈಪ್‌ರೈಟರುಗಳನ್ನು ಗೋಡೆಬದಿಗೆ ಸಾಲಾಗಿ ನಿಲ್ಲಿಸಿ ಬಟ್ಟೆ ಹೊದಿಸಿದ್ದರು. ನಿವೃತ್ತರ ಗೌರವಾರ್ಥ ಏರ್ಪಡಿಸಿದ ಸಭೆಯಂತೆ ಕಾಣುತ್ತಿತ್ತು.

"ಹತ್ತಡಿ ಅಗಲ. ಉದ್ದ ಜಾಸ್ತಿ ಇದೆ. ಹಿಂದುಗಡೆ ಶೀಟಿನ ಮಾಡು," ಎಂದೆ.

"ಅದು ಅಳತೆ ಸಾರ್. ನಾನು ಕೇಳಿದ್ದು ಸ್ವಭಾವ."

ಪಂಚಾಯಿತಿಯವರು ಲೈಸೆನ್ಸ್ ಕೊಡುವಾಗ ಅಂಗಡಿಯ ಅಗಲ ಕೇಳಿದ್ದರು, ತೂಕದ ಇಲಾಖೆಯವರು ತಕ್ಕಡಿ ನೋಡಿದ್ದರು, ಕರೆಂಟಿನವರು ಮೀಟರ್ ನೋಡಿದ್ದರು. ಸ್ವಭಾವವನ್ನು ಯಾವ ಇಲಾಖೆಯೂ ವಿಚಾರಿಸಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ವೆಬ್‌ಸೈಟ್ ಇಲ್ಲದ ವ್ಯಾಪಾರವನ್ನು ಬಾಗಿಲಿಲ್ಲದ ಮನೆಯೆಂಬಂತೆ ಜನ ನೋಡತೊಡಗಿದ್ದ ಕಾಲ. ನಾನು ಯೋಚಿಸಿ ತಿಳಿಸುತ್ತೇನೆ ಎಂದು ಹೇಳಿ, ಬಸ್ಸು ಹತ್ತಿ ಆಲ್ದೂರಿಗೆ ವಾಪಸಾದೆ.

ಆಲ್ದೂರಿನ ನಮ್ಮ ಅಂಗಡಿ ಕಾಫಿ ಹುರಿದು ಪುಡಿ ಮಾಡಿ ಮಾರುವ ಅಂಗಡಿ. ಕಾಫಿ ಬೆಳೆಯುವ ಸೀಮೆಯಲ್ಲಿ ಕಾಫಿಪುಡಿ ಮಾರುವುದು ಮೀನಿಗೆ ಈಜು ಕಲಿಸಿ ಫೀಸು ಕೇಳಿದ ಹಾಗೆ ಎಂದು ಹೊರಗಿನವರು ತಿಳಿಯುತ್ತಾರೆ. ಸಂಗತಿ ಹಾಗಿಲ್ಲ. ಒಳ್ಳೆಯ ಬೀಜವೆಲ್ಲ ಮೂಟೆಯಲ್ಲಿ ಲಾರಿ ಹತ್ತಿ ಹೋಗುತ್ತದೆ. ಒಡಕಲು, ಕಪ್ಪು, ಜೊಳ್ಳು ಇವು ಮಾತ್ರ ಮನೆಖರ್ಚಿಗೆ ಉಳಿಯುತ್ತವೆ. ಆದ್ದರಿಂದ ದೊಡ್ಡ ತೋಟದ ಧಣಿಗಳೂ ಅತ್ತಿತ್ತ ನೋಡಿ ನಮ್ಮಲ್ಲಿಗೆ ಬರುತ್ತಿದ್ದರು.

ಅಪ್ಪ ಬಿಟ್ಟುಹೋದ ಅಂಗಡಿಯನ್ನು ನಾನೂ ಅಣ್ಣನೂ ಹಂಚಿಕೊಂಡ ಬಗೆ ಸರಳ. ಮುಂದಿನರ್ಧ ಅಣ್ಣನದು, ಹಿಂದಿನರ್ಧ ನನ್ನದು. ನಾನು ಹಿಂದೆ ಹುರಿಯುವ ಡ್ರಮ್ಮು, ಬೀಸುವ ಮಿಷನ್ನು ನೋಡಿಕೊಳ್ಳುತ್ತಿದ್ದೆ. ಅಣ್ಣ ಮುಂದೆ ಕೌಂಟರಿನಲ್ಲಿ ಜನರನ್ನು ನೋಡಿಕೊಳ್ಳುತ್ತಿದ್ದ. ನಡುಗೋಡೆಯಲ್ಲಿ ಒಂದು ತಟ್ಟೆಯಗಲದ ಕಿಂಡಿ. ಅದರಲ್ಲಿ ನಾನು ಪುಡಿಯ ಡಬ್ಬ ಮುಂದಕ್ಕೆ ತಳ್ಳುತ್ತಿದ್ದೆ; ಆ ಕಡೆಯಿಂದ ಅಣ್ಣನ ದನಿ ಈ ಕಡೆಗೆ ಬರುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು. ನಾನು ಗಿರಾಕಿಗಳನ್ನು ಸೊಂಟದಿಂದ ಕುತ್ತಿಗೆವರೆಗೆ ಬಲ್ಲವನಾಗಿದ್ದೆ. ಕಿಂಡಿಯಲ್ಲಿ ಅಷ್ಟೇ ಕಾಣುತ್ತಿತ್ತು.

ಅಣ್ಣ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ವ್ಯಾಪಾರ ಮಾಡುತ್ತಿದ್ದ. ಪುಡಿ ಬೇಕು ಎಂದು ಬಂದವರಿಗೆ ಪುಡಿ ಕೊಡುವುದು ಅವನ ಪದ್ಧತಿಯಲ್ಲ. ಮೊದಲು ವಿಚಾರಣೆ.

"ಹಾಲು ಯಾವ್ದು? ಕರೆದಿದ್ದಾ, ಕೊಂಡಿದ್ದಾ?"

"ಪ್ಯಾಕೆಟ್ಟು."

"ಹಂಗಾದ್ರೆ ಚಿಕೋರಿ ಸ್ವಲ್ಪ ತಡೀತದೆ. ಫಿಲ್ಟರಾ, ಬಟ್ಟೇಲಿ ಸೋಸೋದಾ? ಸಕ್ರೆಯಾ, ಬೆಲ್ಲವಾ? ಮನೇಲಿ ಮೊದಲು ಏಳೋರು ಯಾರು?"

"ಅದ್ಯಾಕೆ ನಿಮಗೆ?"

"ಪುಡಿ ಕುಡಿಯೋರಿಗಲ್ಲ ಮಾರಾಯ, ಕಾಸೋರಿಗೆ. ನಿದ್ದೆಗಣ್ಣಲ್ಲಿ ಕಾಸೋರಿಗೆ ಒಂದು ಹದ, ಮಿಂದು ಕಾಸೋರಿಗೆ ಒಂದು ಹದ. ಹೇಳು, ಯಾರು ಏಳೋದು?"

ಒಮ್ಮೆ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನ ಸಾಹೇಬರು ಟೈ ಕಟ್ಟಿಕೊಂಡೇ ಬಂದು, ಇದ್ದುದರಲ್ಲಿ ಬೆಸ್ಟ್ ಯಾವುದೋ ಅದನ್ನು ಕೊಡಿ ಎಂದರು. "ಬೆಸ್ಟು ಯಾವ್ದು ಅಂತ ಗೊತ್ತಿದ್ರೆ ನಾನ್ಯಾಕೆ ಸಾರ್ ಆಲ್ದೂರಲ್ಲಿರ್ತಿದ್ದೆ? ಹಾಲು ಯಾವ್ದು ಹೇಳಿ," ಎಂದ ಅಣ್ಣ. ಅವರು ತಿಂಗಳಿಗಾಗುವಷ್ಟು ಕೇಳಿದಾಗ ವಾರಕ್ಕಾಗುವಷ್ಟೇ ಕಟ್ಟಿಕೊಟ್ಟು, "ಪುಡಿ ಏನು ಉಪ್ಪಿನಕಾಯಾ, ಭರಣೀಲಿ ಹಾಕಿಡೋಕೆ? ಮುಗಿದ ಮೇಲೆ ಬನ್ನಿ," ಎಂದು ಕಳಿಸಿದ. ಸಾಹೇಬರು ವರ್ಗವಾಗಿ ಹೋಗುವವರೆಗೂ ವಾರವಾರ ಬಂದು ಬೈಸಿಕೊಂಡು ಹೋದರು.

ಅಣ್ಣ ಏನೂ ಕೇಳದೆ ಪುಡಿ ಕೊಡುತ್ತಿದ್ದುದು ಒಂದೇ ಸಂದರ್ಭದಲ್ಲಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂದು ಹೋಗುವವರಿಗೆ ನೆರೆಮನೆಯವರೇ ಕಾಫಿ ಕಾಸಿ ಹೊರುತ್ತಾರೆ. ಹಾಗೆ ಪುಡಿಗೆ ಬಂದ ನೆರೆಯವನು ಮೆಟ್ಟಿಲ ಮೇಲೇ ನಿಂತು, ಮುಖ ನೋಡದೆ, ಎಂದಿಗಿಂತ ಜಾಸ್ತಿ ಪುಡಿ ಕೇಳುತ್ತಾನೆ. ಅಣ್ಣ ಕಿವಿಯ ಪೆನ್ಸಿಲ್ ತೆಗೆದು ಕೌಂಟರಿನ ಮೇಲೆ ಅಡ್ಡ ಮಲಗಿಸುತ್ತಿದ್ದ. ಹಾಲಿನ ಸುದ್ದಿ ಇಲ್ಲ, ಬೆಲ್ಲದ ಸುದ್ದಿ ಇಲ್ಲ. ತೂಗಿ, ಕಟ್ಟಿ, ಕೊಡುತ್ತಿದ್ದ. ತೆಗೆದುಕೊಂಡವನು 'ಬರ್ತೀನಿ' ಎನ್ನುತ್ತಿರಲಿಲ್ಲ. ಅಣ್ಣನೂ 'ಬನ್ನಿ' ಎನ್ನುತ್ತಿರಲಿಲ್ಲ. ಸಾವಿನ ಕೆಲಸಕ್ಕೆ ಬಂದವರನ್ನು ಮತ್ತೆ ಬನ್ನಿ ಎಂದು ಕರೆಯುವವರುಂಟೆ. ಕಿಂಡಿಯಲ್ಲಿ ಪೆನ್ಸಿಲ್ ಮಲಗಿದ್ದು ಕಂಡರೆ ನಾನೂ ಮಿಷನ್ನು ನಿಲ್ಲಿಸುತ್ತಿದ್ದೆ. ಅದು ಯಾರೂ ಮಾಡಿಟ್ಟ ನಿಯಮವಲ್ಲ. ನಡೆದುಕೊಂಡು ಬಂದಿತ್ತು.

ಒಂದು ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ, ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದ ಅಣ್ಣ ಮೇಲೇಳಲಿಲ್ಲ. ಲಕ್ವ. ಬಲಗೈ, ಬಲಗಾಲು ಜೋಮು ಹಿಡಿದವು, ಮಾತು ಹೋಯಿತು. ಪೂರಾ ಹೋಗಲಿಲ್ಲ, 'ಅದೇ' ಎಂಬುದೊಂದು ಉಳಿಯಿತು. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ, ಅತ್ತಿಗೆ ವಿಭೂತಿ ಹಚ್ಚಲು ಬಂದರೂ ಅದೇ. ಯಾವ ಭಾಗ ಎಷ್ಟು ಜೋಮು ಹಿಡಿದಿದೆ ಎಂದು ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ಅಣ್ಣನನ್ನು ಪರೀಕ್ಷಿಸಿದರು. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಯಾರೂ ಪರೀಕ್ಷಿಸಲಿಲ್ಲ. ಚುಚ್ಚಿದ್ದರೂ ಗೊತ್ತಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅದೂ ಅನ್ನಿಸಲಿಲ್ಲ.

ಅಂಗಡಿ ಮುಚ್ಚುವಂತಿರಲಿಲ್ಲ. ಹುರಿಯುವುದನ್ನು ಬೆಳಗಿನ ಜಾವಕ್ಕೆ ಮುಗಿಸಿಕೊಂಡು ನಾನು ಕೌಂಟರಿಗೆ ಬಂದು ನಿಂತೆ. ಗಿರಾಕಿಗಳಿಗೆ ಮುಖವೂ ಇದೆಯೆಂದು ಆಗ ತಿಳಿಯಿತು. ಅವರು ಕೇಳಿದರು, ನಾನು ಕೊಟ್ಟೆ. ಕಾಲು ಕೆಜಿ ಎಂದರೆ ಕಾಲು ಕೆಜಿ. ಇದಕ್ಕಿಂತ ಶುದ್ಧವಾದ ವ್ಯಾಪಾರವಿಲ್ಲ ಎಂದು ನನ್ನ ನಂಬಿಕೆ.

ಆ ನಂಬಿಕೆಯನ್ನು ಕೆಡಿಸಿದವರು ಬೆಂಚಿನ ರೈಟರು. ತೋಟದ ಲೆಕ್ಕ ಬರೆಯುವ ಗುಮಾಸ್ತರಿಗೆ ನಮ್ಮಲ್ಲಿ ರೈಟರು ಎಂದೇ ಹೆಸರು. ಇವರು ವಸ್ತಾರೆ ಕಡೆಯ ಒಂದು ಎಸ್ಟೇಟಿನಲ್ಲಿ ಬಹಳ ಕಾಲ ರೈಟರಾಗಿದ್ದು ನಿವೃತ್ತರಾದ ಮೇಲೆ, ನಮ್ಮ ಅಂಗಡಿ ಮುಂದಿನ ಬೆಂಚಿನಲ್ಲಿ ಹಾಜರಿ ಹಾಕುತ್ತಿದ್ದರು. ಸಂಬಳವಿಲ್ಲದಿದ್ದರೂ ರಜೆ ತೆಗೆದುಕೊಂಡವರಲ್ಲ. ಒಂದು ದಿನ ಅವರೇ ಅರ್ಧ ಕೆಜಿ ಕೇಳಿದರು. ಕಟ್ಟಿಕೊಟ್ಟೆ. ಅವರು ಪೊಟ್ಟಣ ಹಿಡಿದು ಅಲ್ಲೇ ನಿಂತರು.

"ಏನ್ರೀ, ನಮ್ಮನೇಲಿ ಯಾರಾದ್ರೂ ಹೋದ್ರಾ?"

"ಇಲ್ವಲ್ಲ. ಯಾಕೆ?"

"ಅಲ್ಲ, ಅರ್ಧ ಕೆಜಿ ಅಂದೆ, ಕಟ್ಟಿದ್ರಿ. ಮಾತಿಲ್ಲ ಕತೆಯಿಲ್ಲ. ಹಾಲು ಕೇಳ್ಲಿಲ್ಲ, ಬನ್ನಿ ಅನ್ಲಿಲ್ಲ. ಬೆಳಗ್ಗಿಂದ ನೋಡ್ತಾ ಕೂತಿದ್ದೀನಿ. ಬಂದೋರಿಗೆಲ್ಲ ಸಾವಿನ ಮನೆ ಪುಡಿ ಕಟ್ತಾ ಇದ್ದೀರಲ್ಲ ಮಾರಾಯ್ರೆ."

ಆಮೇಲೆ ತಿಳಿದ ಪ್ರಕಾರ, ಹೀಗೆ ನನ್ನಿಂದ ಮೌನವಾಗಿ ಪುಡಿ ಪಡೆದ ಒಬ್ಬ ಹೆಂಗಸು ಗಾಬರಿಯಿಂದ ಮನೆಗೆ ಓಡಿ ಅತ್ತೆಯ ಕೋಣೆಯಲ್ಲಿ ಇಣುಕಿದರಂತೆ. ಅತ್ತೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆ ಹೆಂಗಸು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಹಾಗೆ ಬರದಿದ್ದವರು ಬೇರೆಯವರೂ ಇದ್ದರು.

ಅಣ್ಣನೂ ಅಂಗಡಿಗೆ ಬರುತ್ತಿರಲಿಲ್ಲ. ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಕೋಲು ಹಿಡಿದು ನಡೆಯುವಷ್ಟು ಕಾಲು ಬಂದಿತ್ತು. ಆದರೆ ಅವನು ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತುಬಿಡುತ್ತಿದ್ದ. ಹೀಗೇ ಕೂತರೆ ಉಳಿದರ್ಧವೂ ಕೈಕೊಡುತ್ತದೆ, ದಿನಾ ಮನೆಯಿಂದ ಹೊರಡಿಸಿ ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆ ನನ್ನನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿದರು.

"ಅವ್ರನ್ನ ಅಂಗಡಿಗೆ ಕರ್ಕೊಂಡು ಹೋಗು."

"ಕರೆದೆ ಅತ್ತಿಗೆ. ಏಳಲ್ಲ."

"ಯಾಕೆ ಏಳ್ಬೇಕು? ಅಲ್ಲಿ ಅವ್ರಿಗೆ ಎಂತ ಕೆಲ್ಸ ಇಟ್ಟಿದ್ದೀಯ? ಅವ್ರಿಗೆ ಕೇಳೋಕೆ ಬಾಯಿಲ್ಲ. ನೀನು ಬಾಯಿದ್ದೂ ಕೇಳಲ್ಲ. ಬಂದೋರು ಅಯ್ಯೋ ಪಾಪ ಅಂತ ನೋಡಿ ಹೋಗೋಕೆ ಅವ್ರೇನು ಪ್ರದರ್ಶನದ ಸಾಮಾನಾ?"

ನಾನು ಹೂಂಗುಟ್ಟಿದೆ. ಹೂಂಗುಟ್ಟುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು.

ವೆಬ್‌ಸೈಟಿನ ಯೋಚನೆ ಬಂದದ್ದು ಆಗಲೇ. ಹೋಮ್‌ಸ್ಟೇಗಳಿಗೆ ಬರುವ ಬೆಂಗಳೂರಿನವರು ಒಮ್ಮೆ ಪುಡಿ ಕೊಂಡು ಹೋಗಿ, ಆಮೇಲೆ ಹೇಗೆ ತರಿಸುವುದು, ವೆಬ್‌ಸೈಟ್ ಇಲ್ಲವಾ ಎಂದು ಫೋನಿನಲ್ಲಿ ಕೇಳುತ್ತಿದ್ದರು. ವಿಚಾರಿಸಿದಾಗ, ಅದು ಯಾರೂ ಯಾರೊಡನೆಯೂ ಮಾತಾಡದೆ ವ್ಯಾಪಾರ ನಡೆಯುವ ಜಾಗ ಎಂದು ತಿಳಿಯಿತು. ಇಂಥದ್ದೊಂದು ಲೋಕದಲ್ಲಿದೆ ಎಂದು ನನಗೆ ಮೊದಲೇ ಗೊತ್ತಾಗಿದ್ದರೆ ಕೌಂಟರಿಗೆ ಬರುತ್ತಲೇ ಇರಲಿಲ್ಲ. ಚಿಕ್ಕಮಗಳೂರಿಗೆ ಹೋದೆ, ಸ್ವಭಾವದ ಪ್ರಶ್ನೆ ಎದುರಾಯಿತು, ಯೋಚಿಸಿ ತಿಳಿಸುತ್ತೇನೆಂದು ಬಂದೆ. ಬಂದು ಯೋಚಿಸಲಿಲ್ಲ. ನಿಮಗೆ ತೋಚಿದ್ದನ್ನು ಹಾಕಿ ಎಂದು ಫೋನು ಮಾಡಿದೆ.

ಆಕೆ ತೋಚಿದ್ದನ್ನು ಹಾಕಿ, ಬಣ್ಣದ ಪ್ರಿಂಟ್ ತೆಗೆದು ಬಸ್ಸಿನಲ್ಲಿ ಕಳಿಸಿದರು. ಮೇಲ್ಗಡೆ ಒಬ್ಬ ಬಿಳಿ ಹೆಂಗಸು ನೊರೆ ತುಂಬಿದ ಕಪ್ಪು ಹಿಡಿದು ಹಲ್ಲು ಬಿಟ್ಟಿದ್ದಳು. ಕೆಳಗೆ 'ಗ್ರಾಹಕರೇ ನಮ್ಮ ದೇವರು'. ಅದರ ಕೆಳಗೆ 'ಗುಣಮಟ್ಟವೇ ನಮ್ಮ ಗುರಿ'. ಆಮೇಲೆ ದರ, ಫೋನ್ ನಂಬರು. ಪ್ರಿಂಟಿನ ಅಂಚಿನಲ್ಲಿ ಆಕೆಯೇ ಬರೆದಿದ್ದರು: ಸಾರ್, ಇದು ಟೈಲ್ಸ್ ಅಂಗಡಿಗೂ ಆಗುತ್ತೆ, ನರ್ಸಿಂಗ್ ಹೋಮಿಗೂ ಆಗುತ್ತೆ. ನಿಮ್ಮದು ಅಂತ ಏನಾದರೂ ಹೇಳಿ.

ಅದನ್ನು ಮನೆಗೆ ಒಯ್ದು ಅಣ್ಣನ ತೊಡೆಯ ಮೇಲಿಟ್ಟೆ.

"ಇವಳ್ಯಾರು?" ಎಂದರು ಅತ್ತಿಗೆ.

"ಗೊತ್ತಿಲ್ಲ. ಕಂಪ್ಯೂಟರಲ್ಲಿ ಸಿಕ್ಕವಳು."

"ಅಂಗಡೀಲಿ ಕೂರಿಸ್ತೀಯಾ ಇವಳನ್ನ?"

ಅಣ್ಣ ತುಂಬ ಹೊತ್ತು ಓದಿದ. ಎಡಗೈಯ ಬೆರಳು 'ದೇವರು' ಎಂಬಲ್ಲಿ ನಿಂತಿತು. ಗಿರಾಕಿ ದೇವರಾದರೆ ಗರ್ಭಗುಡಿಯಲ್ಲಿ ಕೂರಲಿ, ಕೌಂಟರ್ ಹತ್ತಿರ ಏನು ಕೆಲಸ ಎಂದು ಅವನು ಹಿಂದೆ ಎಷ್ಟೋ ಸಲ ಹೇಳಿದ್ದು ನನಗೂ ಅತ್ತಿಗೆಗೂ ಒಟ್ಟಿಗೇ ನೆನಪಾಯಿತು. "ಅದೇ," ಎಂದು ಅಣ್ಣ ಪ್ರಿಂಟನ್ನು ಬೋರಲು ಹಾಕಿದ. ಗೋಡೆಯ ಕಡೆ ತಿರುಗಿದ.

ಮಾರನೆಯ ವಾರ ನಾನು ಮತ್ತೆ ಮಹಡಿ ಹತ್ತಿದೆ. ಸ್ವಭಾವವನ್ನು ವರ್ಣಿಸಲು ನನಗೆ ಬರುತ್ತಿರಲಿಲ್ಲ. ಆದ್ದರಿಂದ ಕಿಂಡಿಯಲ್ಲಿ ಕೇಳಿದ್ದನ್ನು ಹೇಳಿದೆ. ಹಾಲು, ಬಟ್ಟೆ, ಬೆಲ್ಲ, ಉಪ್ಪಿನಕಾಯಿ, ಟೈ ಕಟ್ಟಿದ ಸಾಹೇಬರು. ಬಾಯಿ ತೆರೆದರೆ ಒಂದೊಂದೂ ಅಣ್ಣನ ಧಾಟಿಯಲ್ಲೇ ಬರುತ್ತಿತ್ತು. ನನ್ನ ಗಂಟಲಿಗೆ ಅದು ಸಂಬಂಧವಿಲ್ಲದ ಹಾಗೆ, ಡಬ್ಬ ತಳ್ಳಿದ ಹಾಗೆ ತಳ್ಳುತ್ತಾ ಹೋದೆ. ಆಕೆ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಟೈಪು ಮಾಡತೊಡಗಿದರು.

"ಇವರು ಈಗ ಎಲ್ಲಿದ್ದಾರೆ ಸಾರ್?"

"ಮನೇಲಿ. ಮಾತಿಲ್ಲ."

ಆಕೆ ಕಪ್ಪು ಹಿಡಿದ ಹೆಂಗಸಿದ್ದ ಹಳೆಯ ಪುಟ ತೆರೆದರು. ಆಮೇಲೆ, "ಆ ಹೆಂಗಸನ್ನ ತೆಗೆದುಬಿಡ್ತೀನಿ," ಎಂದರು.

ಹೊಸ ವೆಬ್‌ಸೈಟಿನಲ್ಲಿ ಸ್ವಾಗತವೇ ಇರಲಿಲ್ಲ. ತೆರೆದ ಕೂಡಲೇ ಖಾಲಿ ಪರದೆಯ ನಡುವೆ 'ಹಾಲು ಯಾವುದು?' ಎಂದು ಒಂದೇ ಪ್ರಶ್ನೆ. ಕನ್ನಡ ಅಕ್ಷರ ಎಷ್ಟೋ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತದೆಂದು ಆಕೆ ಅದನ್ನು ಚಿತ್ರವಾಗಿ ಮಾಡಿ, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಇಟ್ಟಿದ್ದರು. ಉತ್ತರ ಒತ್ತಿದರೆ ಮುಂದಿನ ಪ್ರಶ್ನೆ. ವಾರಕ್ಕಾಗುವುದಕ್ಕಿಂತ ಜಾಸ್ತಿ ಕೇಳಿದರೆ ಉಪ್ಪಿನಕಾಯಿಯ ಮಾತು ಬರುತ್ತಿತ್ತು. ಎಲ್ಲ ಮುಗಿದ ಮೇಲೆ ದರ. ಆರ್ಡರ್ ಬಂದರೆ ಆಕೆ ನೋಡಿ ನಮಗೆ ಫೋನು ಮಾಡುವುದು, ನಾವು ಪಾರ್ಸೆಲ್ ಕಳಿಸುವುದು ಎಂದು ಮಾತಾಯಿತು.

ಅಣ್ಣನನ್ನು ವ್ಯಾಯಾಮ ಮಾಡಿಸುವವರ ಹತ್ತಿರ ಚಿಕ್ಕಮಗಳೂರಿಗೆ ಕರೆದೊಯ್ಯುವ ದಿನ, ಬಾಡಿಗೆ ಜೀಪನ್ನು ಸೆಂಟರಿನ ಮುಂದೆ ನಿಲ್ಲಿಸಿದೆ. ಅಣ್ಣ ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಅತ್ತಿಗೆ ಹಿಂದೆ ಕೋಲು ಹಿಡಿದು ಬಂದರು. ಇದೂ ಸರಿಬೀಳದಿದ್ದರೆ ಅವನನ್ನು ಗೋಡೆಯ ಕಡೆಯಿಂದ ತಿರುಗಿಸಲು ನನ್ನಲ್ಲಿ ಬೇರೆ ಉಪಾಯ ಇರಲಿಲ್ಲ. ಅತ್ತಿಗೆಗೂ ಅದು ಗೊತ್ತಿತ್ತು.

ಪರದೆಯ ಮೇಲೆ 'ಹಾಲು ಯಾವುದು?' ಬಂತು. ಅಣ್ಣ ಮುಂದಕ್ಕೆ ಬಾಗಿದ. ಆಕೆ ಒತ್ತುತ್ತಾ ಹೋದರು, ಪ್ರಶ್ನೆಗಳು ಬರುತ್ತಾ ಹೋದವು. ಉಪ್ಪಿನಕಾಯಿ ಬಂದಾಗ ಅಣ್ಣನ ಬಾಯಿಯ ಎಡಬದಿ ಮೇಲೇರಿತು. ಬಲಬದಿ ಇದ್ದಲ್ಲೇ ಇತ್ತು.

"ನೋಡಿ ಸಾರ್, ಇನ್ನೊಂದು ಇದೆ. ಉತ್ತರ ಹೇಳದೆ ಯಾರೂ ದಾಟೋ ಹಾಗಿಲ್ಲ," ಎಂದು ಆಕೆ ಹೆಮ್ಮೆಯಿಂದ ಒಂದು ಪ್ರಶ್ನೆಯನ್ನು ಖಾಲಿ ಬಿಟ್ಟು ಒತ್ತಿದರು. ಕೆಂಪಕ್ಷರದಲ್ಲಿ ಬಂತು: 'ಕೇಳಿದ್ದಕ್ಕೆ ಉತ್ತರ ಹೇಳಿ. ಇಲ್ಲದಿದ್ದರೆ ಪುಡಿ ಇಲ್ಲ.'

ಅಣ್ಣನ ಮುಖ ಇಳಿಯಿತು. "ಅದೇ," ಎಂದ. ಮತ್ತೆ, ಜೋರಾಗಿ, "ಅದೇ."

"ಇಷ್ಟ ಆಯ್ತಂತೆ," ಎಂದರು ಆಕೆ.

"ಇಲ್ಲ," ಎಂದರು ಅತ್ತಿಗೆ.

ಅಣ್ಣ ಎಡಗೈ ಚಾಚಿ ಮೇಜನ್ನು ತಡಕಿದ. ನೀರು ಬೇಕೇನೋ ಎಂದುಕೊಂಡೆ. ಆಕೆಯ ಪೆನ್ಸಿಲ್ ಕೈಗೆ ಸಿಕ್ಕಿತು. ಅದನ್ನು ಎತ್ತಿ ಕಿವಿಯ ಹತ್ತಿರ ಒಯ್ದ. ಅಲ್ಲಿಂದ ತೆಗೆದು ಮೇಜಿನ ಮೇಲೆ ಅಡ್ಡ ಮಲಗಿಸಿದ. ಅದರ ಮೇಲೆ ಅಂಗೈ ಇಟ್ಟು ನನ್ನನ್ನೇ ನೋಡಿದ.

ಬಟ್ಟೆ ಹೊದ್ದ ಟೈಪ್‌ರೈಟರುಗಳ ನಡುವೆ ನಾನು ಕಿಂಡಿಯ ಈಚೆ ನಿಂತವನ ಹಾಗೆ ನಿಂತಿದ್ದೆ. ಕೈ ತಾನಾಗಿ ಮಿಷನ್ನಿನ ಸ್ವಿಚ್ಚು ಹುಡುಕಿತು.

"ಸಾವಿನ ಮನೆಯವರು ಬಂದ್ರೆ?" ಎಂದೆ. "ಅವರಿಗೆ ಏನೂ ಕೇಳಬಾರದು."

ನಾನು ವಿವರಿಸಿದೆ. ಆಕೆ ಕೇಳಿಸಿಕೊಂಡು, "ವೆಬ್‌ಸೈಟಲ್ಲಿ ಯಾರು ಸಾರ್ ಸಾವಿನ ಮನೆಗೆ ಪುಡಿ ತರಿಸ್ತಾರೆ? ಪಾರ್ಸೆಲ್ ಹೋಗೋದ್ರೊಳಗೆ ತಿಥಿ ಬಂದಿರುತ್ತೆ," ಎಂದರು. ಮಾತು ನ್ಯಾಯವಾದದ್ದೇ. ಅಣ್ಣ ಪೆನ್ಸಿಲಿನ ಮೇಲಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ಆಕೆ ಮೊದಲ ಪ್ರಶ್ನೆಯ ಕೆಳಗೆ ಒಂದು ಸಣ್ಣ ಚೌಕ ಸೇರಿಸಿದರು. ಪಕ್ಕದಲ್ಲಿ ಎರಡೇ ಪದ: 'ಏನೂ ಕೇಳಬೇಡಿ'. ಅದನ್ನು ಒತ್ತಿದರೆ ಪ್ರಶ್ನೆಯಿಲ್ಲ, ಉಪ್ಪಿನಕಾಯಿಯಿಲ್ಲ. ಎಷ್ಟು ಬೇಕು, ಯಾವ ವಿಳಾಸ, ಅಷ್ಟೆ. ಅಣ್ಣ ಪೆನ್ಸಿಲನ್ನು ಎತ್ತಿ ಕಿವಿಗೆ ಸಿಕ್ಕಿಸಿಕೊಂಡ. ಪೆನ್ಸಿಲ್ ಆಕೆಯದು. ಯಾರೂ ವಾಪಸು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೋಲೂರಿಕೊಂಡು ಓಣಿಯಲ್ಲಿ ಬಂದ. ಕರೆಯಲು ಯಾರೂ ಹೋಗಿರಲಿಲ್ಲ. ಆಕೆ ಕೊಟ್ಟ ಪ್ರಶ್ನೆಗಳ ಪ್ರಿಂಟನ್ನು ಅತ್ತಿಗೆ ಕೌಂಟರಿನ ಗಾಜಿನ ಕೆಳಗೆ ಸೇರಿಸಿದರು. ಗಿರಾಕಿ ಬಂದರೆ ಅಣ್ಣ ಎಡಗೈಯಲ್ಲಿ ಪೆನ್ಸಿಲ್ ಹಿಡಿದು 'ಹಾಲು ಯಾವುದು?' ಎಂಬಲ್ಲಿ ಕುಟ್ಟುತ್ತಿದ್ದ. ತಡ ಮಾಡಿದರೆ ಜೋರಾಗಿ ಕುಟ್ಟುತ್ತಿದ್ದ. ಉತ್ತರ ಕೇಳಿ ಇಂಥ ಡಬ್ಬ, ಇಷ್ಟು ಚಿಕೋರಿ ಎಂದು ಬೆರಳು ತೋರಿಸುತ್ತಿದ್ದ, ನಾನು ಬೆರೆಸುತ್ತಿದ್ದೆ. "ಬಾಯಿದ್ದಾಗಲೇ ವಾಸಿ ಇತ್ತು ಮಾರಾಯ್ರೆ, ಈಗ ತಪ್ಪಿಸಿಕೊಳ್ಳೋ ಹಾಗೇ ಇಲ್ಲ," ಎಂದು ರೈಟರು ಬೆಂಚಿನಿಂದ ಸಾರಿದರು. ಅಂಗಡಿ ಬಿಟ್ಟುಹೋದವರಲ್ಲಿ ಕೆಲವರು ವಾಪಸು ಬಂದರು. ಅತ್ತೆಯ ಕೋಣೆಯಲ್ಲಿ ಇಣುಕಿದ ಹೆಂಗಸು ಬರಲಿಲ್ಲ.

ವೆಬ್‌ಸೈಟಿನಿಂದ ಆರ್ಡರು ನಿಧಾನವಾಗಿ ಬಂದವು. ಆಕೆ ಫೋನಿನಲ್ಲಿ ಓದುತ್ತಿದ್ದರು, ನಾನು ಗಟ್ಟಿಯಾಗಿ ಅಣ್ಣನಿಗೆ ಹೇಳುತ್ತಿದ್ದೆ. ಪ್ರತಿ ಪಾರ್ಸೆಲಿನಲ್ಲೂ 'ಮುಗಿದ ಮೇಲೆ ಬನ್ನಿ' ಎಂದು ಅಚ್ಚು ಹಾಕಿಸಿದ ಒಂದು ಚೀಟಿ ಇಡುತ್ತಿದ್ದೆವು. ಬೆಂಗಳೂರಿನ ಯಾರೋ, ತಮ್ಮ ಮನೆಯಲ್ಲಿ ಮೊದಲು ಏಳುವವರು ನಾಯಿ ಎಂದು ಬರೆದಿದ್ದರು. ಅಣ್ಣ ತುಂಬ ಯೋಚಿಸಿ ಚಿಕೋರಿ ಕಡಿಮೆ ಮಾಡಿಸಿದ.

ಆ ಚೌಕವನ್ನು ಯಾರೂ ಮುಟ್ಟಿರಲಿಲ್ಲ. ನಾನು ಅದನ್ನು ಮರೆತೇಬಿಟ್ಟಿದ್ದೆ. ಮಳೆ ಹಿಡಿಯುವ ಮುಂಚಿನ ಒಂದು ಮಧ್ಯಾಹ್ನ ಫೋನು ಬಂತು. "ಸಾರ್, ಒಂದು ಬಂದಿದೆ. ಎರಡು ಕೆಜಿ. ಏನೂ ಕೇಳಬೇಡಿ ಅಂತ ಒತ್ತಿದ್ದಾರೆ," ಎಂದು ವಿಳಾಸ ಹೇಳಿದರು. ಬೆಂಗಳೂರಿನದು, ನಮಗೆ ಪರಿಚಯವಿಲ್ಲದ ಹೆಸರು. ಬಹುಶಃ ತಿಥಿಗಿರಬೇಕು. ಅಥವಾ ಪ್ರಶ್ನೆಗೆ ಬೇಸತ್ತ ಮನುಷ್ಯನೂ ಇರಬಹುದು. ತಿಳಿಯುವ ದಾರಿ ಇರಲಿಲ್ಲ. ಕೇಳಬೇಡಿ ಎಂದಿದ್ದರು.

"ಎರಡು ಕೆಜಿ," ಎಂದು ಅಣ್ಣನಿಗೆ ಹೇಳಿದೆ. "ಚೌಕ ಒತ್ತಿದ್ದಾರೆ."

ಅಣ್ಣ ಕಿವಿಯ ಪೆನ್ಸಿಲ್ ತೆಗೆದು ಗಾಜಿನ ಮೇಲೆ ಅಡ್ಡ ಮಲಗಿಸಿದ. ಬೆಂಚಿನಲ್ಲಿ ಯಾರದೋ ತೋಟದ ಸುದ್ದಿ ಹೇಳುತ್ತಿದ್ದ ರೈಟರು ಅರ್ಧಕ್ಕೇ ನಿಲ್ಲಿಸಿದರು. ನಾನು ತೂಗಿದೆ, ಕಟ್ಟಿದೆ, ಅಭ್ಯಾಸದಂತೆ ಚೀಟಿಯನ್ನೂ ಒಳಗಿಟ್ಟೆ. ಅಣ್ಣ ಎಡಗೈ ಪಾರ್ಸೆಲಿನೊಳಗೆ ಹಾಕಿ ಚೀಟಿಯನ್ನು ತೆಗೆದ. ಅದನ್ನು ಮಡಿಸಲು ಒಂದು ಕೈಯಲ್ಲಿ ಆಗಲಿಲ್ಲ. ಹಾಗೇ ಜೇಬಿಗೆ ತುರುಕಿಕೊಂಡ.

ಪಾರ್ಸೆಲನ್ನು ಬಸ್‌ಸ್ಟ್ಯಾಂಡಿಗೆ ಒಯ್ದು, ಬೆಂಗಳೂರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. "ಬರ್ತೀನಣ್ಣ," ಎಂದು ಅವನು ಸೀಟಿ ಊದಿದ. ನಾನು 'ಬಾ' ಎನ್ನಲಿಲ್ಲ. ಬಸ್ಸು ಹೋಯಿತು. ಆ ಮನೆಯಲ್ಲಿ ಹೋದವರು ಯಾರಿರಬಹುದೆಂದು ಯೋಚಿಸಲು ನೋಡಿದೆ. ಯೋಚನೆ ಬರಲಿಲ್ಲ. ಒಣಗಿದ ಎಲೆ ಕೆಲವು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿ ನಿಂತವು.

ವಾಪಸು ಬಂದಾಗ ಪೆನ್ಸಿಲ್ ಮಲಗಿಯೇ ಇತ್ತು. ಕೌಂಟರಿನ ಮುಂದೆ ಗೋಣಿಬೀಡಿನ ಕಡೆಯವನೊಬ್ಬ ಚೀಲ ಹಿಡಿದು ಕಾಯುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಏನೂ ಅರ್ಥವಾಗದೆ ಅಣ್ಣನನ್ನೂ ರೈಟರನ್ನೂ ಸರದಿಯಲ್ಲಿ ನೋಡುತ್ತಿದ್ದ.

"ಬಸ್ಸು ಹೊರಟಿತಾ?" ಎಂದರು ರೈಟರು.

"ಹೊರಟಿತು."

ಅಣ್ಣ ಪೆನ್ಸಿಲ್ ಎತ್ತಿಕೊಂಡ. ಗೋಣಿಬೀಡಿನವನ ಮುಖ ನೋಡಿ, ಗಾಜಿನ ಮೇಲೆ ಮೊದಲನೆಯ ಪ್ರಶ್ನೆಯ ಹತ್ತಿರ ಕುಟ್ಟಿದ. ನಾನು ಹಿಂದೆ ಹೋಗಿ ಮಿಷನ್ನು ಹಾಕಿದೆ.